ವಾರ್ನಿಷ್ ಮೇಲೆ ಮಾವನವರ ನಾಣ್ಯ

"ಮೂರೇ ದಿನ! ಈ ಹಲಗೆ ನೆಲದಲ್ಲಿ ನೀನು ಮುಖ ನೋಡ್ಕೊಂಡು ತಲೆ ಬಾಚ್ಕೋಬೇಕು, ಹಾಗೆ ಮಾಡ್ತೀನಿ!" ಎಂದು ಎದೆ ತಟ್ಟಿಕೊಂಡು ಘೋಷಿಸಿದ್ದ ಅನ್ಸೆಲ್ಮೊ. ಊರು ರೊಸಾರಿಯೊ. ಕಸುಬು ಶಾಲೆಯಲ್ಲಿ ಭೂಗೋಳದ ಪಾಠ. ಮರಗೆಲಸದ ಅನುಭವವೆಂದರೆ ಪೆನ್ಸಿಲ್ ಚೂಪು ಮಾಡಿದ್ದು!

ಹೆಂಡತಿ ಗ್ರಿಸೆಲ್ದಾ ನಗಲಿಲ್ಲ. ಅದು ಅವಳ ತವರಿನ ಹಳೇ ಮನೆ. ಊಟದ ಕೋಣೆಯ ಆ ಹಲಗೆಗಳ ಮೇಲೇ ಅವಳು ಅಂಬೆಗಾಲಿಟ್ಟದ್ದು, ಈಗಿಲ್ಲದ ಅಪ್ಪನ ಪಾದದ ಮೇಲೆ ಪಾದವಿಟ್ಟು ಕುಣಿಯಲು ಕಲಿತದ್ದು. ರಿಪೇರಿ ಶುರುವಾದ ದಿನವೇ ಅವಳ ತಮ್ಮ ಎವರಿಸ್ಟೊ ಟೈಲ್ಸ್ ಪೆಟ್ಟಿಗೆಗಳನ್ನು ತಂದು ಪೇರಿಸಿದ್ದ.

"ಈ ಗೆದ್ದಲುಗೂಡಿನ ಮೇಲೆ ಟೈಲ್ಸ್ ಹೊಡೆದ್ರೆ ಮುಗೀತು ಭಾವ."

ಮನೆ ಇನ್ನೂ ಅತ್ತೆ ದೋನ್ಯಾ ಫಿಲೊಮೆನಾ ಅವರದು. ತೀರ್ಪೂ ಅವರದೇ. "ಅಳಿಯಂದ್ರ ನೆಲ ಚೆನ್ನಾಗಿ ಬಂದ್ರೆ ಸರಿ. ಕೆಡ್ತೋ, ಸೋಮವಾರ ಟೈಲ್ಸ್."

ನೆಲ ಉಜ್ಜಲು ಬಾಡಿಗೆಗೆ ತಂದ ಉಪ್ಪುಕಾಗದದ ಯಂತ್ರ ಅನ್ಸೆಲ್ಮೊನನ್ನು ಕೋಣೆ ತುಂಬ ಎಳೆದಾಡಿತು. ಅದಕ್ಕೆ ಅಡ್ಡ ಬಂತೆಂದು ಅಂಗಳದ ಬಾಗಿಲ ಹೊಸ್ತಿಲ ಪಟ್ಟಿಯನ್ನೇ ಕಿತ್ತೆಸೆದ. ಶನಿವಾರ ಬೆಳಗ್ಗೆ ಕೊನೆಯ ಸಲ ವಾರ್ನಿಷ್ ಬಳಿದು, ಹಿಂದಹಿಂದಕ್ಕೆ ಸರಿದು ಅಂಗಳಕ್ಕೆ ಬಂದು ನೋಡಿದರೆ, ಆಹಾ, ಜೇನಿನ ಬಣ್ಣ! ಗ್ರಿಸೆಲ್ದಾಳ ಕಣ್ಣು ತುಂಬಿ ಬಂತು.

"ನಾಳೆವರೆಗೆ ಯಾರೂ ಕಾಲಿಡಕೂಡದು! ಗಾಳಿಗೂ ನನ್ನ ಅಪ್ಪಣೆ ಬೇಕು!"

"ರೀ, ಇವತ್ತು ತಾರೀಕು ಎಷ್ಟು?"

ಅನ್ಸೆಲ್ಮೊನ ಕೈಯಿಂದ ಬ್ರಷ್ ಜಾರಿತು. ಇಪ್ಪತ್ತೊಂಬತ್ತು! ಹೆಂಡತಿಯ ಹುಟ್ಟುಹಬ್ಬ ಮರೆತಾರು, ಆ ಊರಲ್ಲಿ ಇಪ್ಪತ್ತೊಂಬತ್ತರ ನ್ಯೋಕಿ ಊಟವನ್ನು ಮರೆಯುವವರುಂಟೆ? ಪ್ರತಿ ತಿಂಗಳೂ ಅಂದು ಮನೆಮಂದಿಯೆಲ್ಲ ಸೇರಿ, ತಟ್ಟೆಯಡಿ ನಾಣ್ಯವಿಟ್ಟುಕೊಂಡು, ಆಲೂಗಡ್ಡೆ ಮೈದಾದ ಆ ಪುಟ್ಟ ಉಂಡೆಗಳನ್ನು ತಿನ್ನಲೇಬೇಕು. ಒಂದು ತಿಂಗಳ ಅದೃಷ್ಟದ ಪ್ರಶ್ನೆ! ಬೀದಿ ಬಾಗಿಲಲ್ಲಿ ಆಗಲೇ ಅತ್ತೆ, ಕಂಕುಳಲ್ಲಿ ಮೈದಾ ಚೀಲ, ಬೆನ್ನಿಗೆ ಎವರಿಸ್ಟೊ.

"ಊಟದ ಮೇಜೆಲ್ಲಿ?"

"ಅಂಗಳದಲ್ಲಿದೆ ಅತ್ತೆ. ಆದ್ರೆ ಇವತ್ತು..."

"ಅಲ್ಲೇ ಕಲಸ್ತೀನಿ ಬಿಡಿ."

ಪರಾನಾ ನದಿಯ ಕಡೆಯಿಂದ ಗಾಳಿ ಎದ್ದಿತು. ಮೈದಾವೂ ಎದ್ದಿತು! ಅನ್ಸೆಲ್ಮೊ ಹಾರಿ ಹೋಗಿ ಕೋಣೆಯ ಬಾಗಿಲು ಹಾಕಿದ.

"ಮುಚ್ಚಿಟ್ರೆ ವಾರ್ನಿಷ್ ಒಣಗಲ್ಲ ಭಾವ."

ತೆರೆದ. ಅತ್ತೆ ಇನ್ನೊಂದು ಹಿಡಿ ಉದುರಿಸಿದರು. ಮುಚ್ಚಿದ. ತೆರೆದ. ಕೊನೆಗೆ ಬಾಗಿಲಿಗೆ ಅಡ್ಡಲಾಗಿ ಬೆಡ್‌ಶೀಟ್ ಹಿಡಿದು, ಉಸಿರು ಬಿಗಿಹಿಡಿದು ನಿಂತ. ಗ್ರಿಸೆಲ್ದಾ ಉಗುರು ಕಚ್ಚುತ್ತ ಒಮ್ಮೆ ನೆಲವನ್ನೂ ಒಮ್ಮೆ ಟೈಲ್ಸ್ ಪೆಟ್ಟಿಗೆಗಳನ್ನೂ ನೋಡುತ್ತಿದ್ದಳು.

ಮಧ್ಯಾಹ್ನ ಗಾಳಿ ನಿಂತಿತು. ನೆಲಕ್ಕೆ ಒಂದು ಕಣ ಮೈದಾ ತಾಗಿರಲಿಲ್ಲ! ಗೆದ್ದೆ ಎಂದುಕೊಂಡು ಅನ್ಸೆಲ್ಮೊ ಬೆಡ್‌ಶೀಟ್ ಮಡಚಿಟ್ಟು ಊಟಕ್ಕೆ ಕೂತ. ಅತ್ತೆ ತಮ್ಮ ತಟ್ಟೆಯಡಿಗೆ ತೀರಿಹೋದ ಗಂಡನ ಹಳೆಯ ನಾಣ್ಯವನ್ನು ಇಡಲು ಹೋದರು. ಇಡುವ ಮುನ್ನ ಮೇಜಿನ ಮೈದಾ ಝಾಡಿಸಿದರು. ನಾಣ್ಯ ಕೈಜಾರಿ ಕೆಳಗೆ ಬಿತ್ತು. ಬಿದ್ದದ್ದು ಸುಮ್ಮನಿರದೆ ಉರುಳಿತು. ಉರುಳಿದ್ದು ಕೋಣೆಯ ಕಡೆಗೇ ಹೋಯಿತು.

ತಡೆಯಲು ಹೊಸ್ತಿಲಾದರೂ ಎಲ್ಲಿತ್ತು?

"ಹಿಡೀರಿ!" ಗ್ರಿಸೆಲ್ದಾ ಕಿರುಚಿದಳು.

ಅನ್ಸೆಲ್ಮೊ ನೆಗೆದ. ಬಲಗಾಲು ಅಂಟಿತು, ಎಡಗಾಲು ಜಾರಿತು, ಎರಡು ಅಂಗೈ ಊರಿದವು, ಆಮೇಲೆ ಹೊಟ್ಟೆ. ನಾಣ್ಯ ಕೋಣೆಯ ನಟ್ಟನಡುವೆ ಎರಡು ಸುತ್ತು ಸುತ್ತಿ ಅಂಗಾತ ಮಲಗಿತು.

ಎವರಿಸ್ಟೊ ಅಂಗಿಯ ತೋಳು ಮಡಚುತ್ತ ಎದ್ದ. "ಪೆಟ್ಟಿಗೆ ಬಿಚ್ಚಲಾ ಅಮ್ಮ?"

ಅತ್ತೆ ಬಾಗಿಲಲ್ಲಿ ನಿಂತು ನೋಡಿದರು, ನೋಡುತ್ತಲೇ ಇದ್ದರು. ಗ್ರಿಸೆಲ್ದಾ ಕಣ್ಣು ಮುಚ್ಚಿಕೊಂಡಳು.

"ತಟ್ಟೆ ಕೆಳಗಿಟ್ರೆ ಒಂದೇ ತಿಂಗಳ ಅದೃಷ್ಟ. ಇದು ಮನೆಗೇ ಅಂಟ್ಕೊಂಡಿದೆ!" ಎಂದ ಅತ್ತೆ ಮಗನ ಕಡೆ ತಿರುಗಿದರು. "ನಿಮ್ಮಪ್ಪನ ನಾಣ್ಯದ ಮೇಲೆ ಸಿಮೆಂಟ್ ಸುರೀತೀಯೇನೋ? ತಗೊಂಡ್ಹೋಗು ನಿನ್ನ ಟೈಲ್ಸು!"

ಗ್ರಿಸೆಲ್ದಾ ಅಮ್ಮನನ್ನು ತಬ್ಬಿಕೊಂಡು ಅತ್ತೇಬಿಟ್ಟಳು. ಅನ್ಸೆಲ್ಮೊ ಬಿದ್ದಲ್ಲಿಂದಲೇ ತಲೆಯೆತ್ತಿದ. "ನಾಳೇನೇ ಮತ್ತೆ ಉಜ್ಜಿ, ಈ ಗುರುತೆಲ್ಲ ತೆಗೆದು..."

"ಉಜ್ಜೋದಾ? ನಾಣ್ಯ ಎದ್ದು ಬಂದ್ರೆ? ಅಳಿಯಂದ್ರೇ, ಇನ್ನು ಈ ನೆಲಕ್ಕೆ ನೀವು ಕೈ ಹಚ್ಚಕೂಡದು!"

ಈಗ ಪ್ರತಿ ಇಪ್ಪತ್ತೊಂಬತ್ತಕ್ಕೂ ನಾಣ್ಯ ನೋಡಲು ಓಣಿಯೆಲ್ಲ ಬರುತ್ತದೆ. ಪಾದ, ಅಂಗೈ, ಹೊಟ್ಟೆಯ ಅಚ್ಚು ಕಂಡು ಇದೇನೆಂದು ಕೇಳುತ್ತದೆ. ಅನ್ಸೆಲ್ಮೊ ತಟ್ಟೆಯಿಂದ ತಲೆ ಎತ್ತುವುದಿಲ್ಲ. ಉತ್ತರ ಹೇಳುವವಳು ಗ್ರಿಸೆಲ್ದಾ:

"ನಾಣ್ಯ ನಮ್ಮಪ್ಪಂದು. ಮಿಕ್ಕಿದ್ದೆಲ್ಲ ನಮ್ಮ ಯಜಮಾನ್ರ ಕೆಲಸ!"