ತಂಗಿಯನ್ನು ಏನೆಂದು ಕರೆಯಬೇಕು?

ಮಂದಿಯ ಮಾತು ತಿದ್ದುವುದು ನನ್ನ ಹಳೆಯ ಚಟ, ಒಪ್ಪಿಕೊಂಡುಬಿಡುತ್ತೇನೆ. ಸೇಡಂನಲ್ಲಿ ಇಪ್ಪತ್ತು ವರ್ಷ ಕನ್ನಡ ಕಲಿಸಿದ್ದೇನಲ್ಲ, ಹೋಟೆಲಿನ ಬೋರ್ಡಿನಲ್ಲಿ ಒಂದು ಒತ್ತಕ್ಷರ ತಪ್ಪಿದ್ದರೂ ನಾಷ್ಟಾ ಗಂಟಲಲ್ಲಿ ಇಳಿಯುವುದಿಲ್ಲ. ಆದರೆ ತಂಗಿ ಶಾಂತಾಳ ವಿಷಯದಲ್ಲಿ ಈ ಚಟಕ್ಕೆ ಕಾರಣವೂ ಇತ್ತು.

ಶಾಂತಾಗೆ ಡೌನ್ ಸಿಂಡ್ರೋಮ್. ಅವಳು ಹುಟ್ಟಿದಾಗ ವಯಸ್ಸಾದ ಡಾಕ್ಟರೊಬ್ಬರು ಆ ಕಾಲದ ಶಬ್ದದಲ್ಲಿ, "ಇದು ಮಂಗೋಲ್ ಕೂಸು" ಅಂದರಂತೆ. ಅವ್ವ ಗಾಬರಿಯಾಗಿ, "ನಮ್ಮ ಮಂದಿ ಸುಲೇಪೇಟ ದಾಟಿ ಹೋದವರಲ್ಲ, ಮಂಗೋಲ ಎಲ್ಲಿಂದ ಬಂತರಿ?" ಎಂದು ಕೇಳಿದ್ದಳು. ಆಮೇಲೆ ಓಣಿಯವರು 'ದೇವರ ಕೂಸು' ಅಂದರು. ಸರ್ಕಾರಿ ಫಾರ್ಮು 'ಬುದ್ಧಿಮಾಂದ್ಯ' ಅಂದಿತು, ಮುಂದೆ 'ವಿಶೇಷ ಚೇತನ' ಅಂದಿತು. ಹೆಸರು ಬದಲಾದಾಗೆಲ್ಲ ನಾನು ಮನೆಮನೆಗೆ ಹೋಗಿ ಹೊಸದನ್ನು ಬಾಯಿಪಾಠ ಮಾಡಿಸುತ್ತಿದ್ದೆ. ಶಾಂತಾ ಮಾತ್ರ ಅದೇ ಶಾಂತಾ. ಚಹಾಕ್ಕೆ ಸಕ್ಕರೆ ಕಮ್ಮಿಯಾದರೆ ಕಪ್ಪನ್ನು ವಾಪಸ್ ಕಳಿಸುವವಳು.

ಹೋದ ತಿಂಗಳು ಆದಿತ್ಯನಗರದಲ್ಲಿ ಡೌನ್ ಸಿಂಡ್ರೋಮ್ ಇರುವ ಮಕ್ಕಳ ತಂದೆತಾಯಿಯರ ಸಭೆ ಇತ್ತು. ನನ್ನದೇ ಭಾಷಣ. ಶಾಂತಾಳನ್ನೂ ಕರೆದೊಯ್ದಿದ್ದೆ. ಯಾವ ಶಬ್ದ ಬಳಸಬಾರದು, ಯಾಕೆ ಬಳಸಬಾರದು ಎಂದು ಅರ್ಧ ತಾಸು ಕೊರೆದು, ಕೊನೆಗೆ ಅವಳತ್ತ ಕೈತೋರಿಸಿ ಗದ್ಗದಿತನಾಗಿ, "ಡೌನ್ ಸಿಂಡ್ರೋಮಿನಿಂದ ಬಳಲುತ್ತಿರುವ ನನ್ನ ತಂಗಿ..." ಅಂದೆ. ಮುಂದಿನ ಸಾಲಿನಲ್ಲಿ ಮೂರು ತಿಂಗಳ ಹೆಣ್ಣುಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದ ತಾಯಿಯೊಬ್ಬಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಶಾಂತಾ ಎದ್ದು ನಿಂತಳು.

"ನಾ ಎಲ್ಲಿ ಬಳಲಾಕತ್ತೀನಿ, ಅಣ್ಣಾ? ಆರಾಮ ಇದ್ದೀನಿ. ನಿನ್ನ ಭಾಷಣ ಕೇಳಿ ಈ ಮಂದಿ ಬಳಲಾಕತ್ತಾರ!"

ಆ ತಾಯಿಯೊಬ್ಬಳನ್ನು ಬಿಟ್ಟು ಸಭೆಯೆಲ್ಲ ಹೋ ಎಂದು ನಕ್ಕಿತು. ನನ್ನ ಕೈಯಲ್ಲಿನ್ನೂ ನಾಲ್ಕು ಹಾಳೆ ಉಳಿದಿದ್ದವು. ಮಡಚಿ ಜೇಬಿಗಿಟ್ಟೆ.

ಆ ತಾಯಿ ಎದ್ದು ಬಂದಳು. ಏನೋ ಕೇಳುತ್ತಾಳೆಂದು ನಾನು ಗಂಟಲು ಸರಿಮಾಡಿಕೊಂಡೆ. ಅವಳು ನನ್ನನ್ನು ದಾಟಿ ಹೋಗಿ ಶಾಂತಾಳ ಪಕ್ಕದಲ್ಲಿ ಕೂತಳು.

"ಅಕ್ಕಾರ, ನೀವು ಮನ್ಯಾಗ ಏನು ಮಾಡ್ತೀರಿ?"

"ರೊಟ್ಟಿ ಬಡೀತೀನಿ. ಟೀವಿ ನೋಡ್ತೀನಿ. ಅಣ್ಣನ ಜೋಡಿ ಜಗಳಾಡ್ತೀನಿ."

"ನನ್ನ ಮಗಳೂ ರೊಟ್ಟಿ ಬಡೀತಾಳೇನ್ರಿ?"

ಶಾಂತಾ ಕೂಸನ್ನು ಎತ್ತಿಕೊಂಡು, ಅದರ ಪುಟ್ಟ ಅಂಗೈ ಬಿಡಿಸಿ ನೋಡಿದಳು. "ಈಗೇನು ಬಡೀತಾಳ? ಮೊದಲ ಕುಂದ್ರಲಿಕ್ಕರ ಕಲೀಲಿ. ಅವಸರ ಮಾಡಬ್ಯಾಡ್ರಿ."

ಆ ತಾಯಿ ನಕ್ಕಳು. ಕೂಸು ಹುಟ್ಟಿದ ಮೇಲೆ ಆಕೆ ನಕ್ಕಿದ್ದು ಇದೇ ಮೊದಲೆಂದು ಅವಳ ಗಂಡ ಆಮೇಲೆ ನನಗೆ ಹೇಳಿದ.

ನಿನ್ನೆ ಶಹಾಬಾದದಿಂದ ಫೋನ್ ಬಂತು. ಅಲ್ಲಿಯೂ ಸಭೆಯಂತೆ.

"ಶಾಂತಕ್ಕನ್ನ ಕರಕೊಂಡು ಬರ್ರಿ ಸರ್. ನೀವು ಭಾಷಣ ತಯಾರು ಮಾಡೋ ತ್ರಾಸ ತಗೋಬ್ಯಾಡ್ರಿ. ಹಾಂ, ಕುಂದ್ರಲಿಕ್ಕ ನಿಮಗೂ ಒಂದು ಕುರ್ಚಿ ಹಾಕಿರ್ತೀವಿ."