ಚಿ|| ಪರೀಕ್ಷೆ ಒಂದು ಮತ್ತು ಚಿ|| ಸೌ|| ಪರೀಕ್ಷೆ ಎರಡು

ಸರ್ವಸಮ್ಮತಿ ಸಮುದಾಯ ಭವನದಲ್ಲಿ ಸಭಾಂಗಣ ಒಂದೇ ಇದೆ ಎಂಬ ವಾಸ್ತವಾಂಶವನ್ನು ನಮ್ಮ ನಿರ್ವಹಣಾ ಸಮಿತಿಯು ಎಂದೂ ಅಲ್ಲಗಳೆದಿಲ್ಲ. ಕುರುಬರಹಳ್ಳಿಗೆ ಯಾರು ಬೇಕಾದರೂ ಬಂದು ಎಣಿಸಿ ನೋಡಬಹುದು. ಒಂದು ಸಭಾಂಗಣ, ಒಂದು ವೇದಿಕೆ, ಒಂದು ಊಟದ ಹಾಲ್ ಮತ್ತು ಹನ್ನೊಂದು ಜನ ಸಮಿತಿ ಸದಸ್ಯರು. ನಾನು ಮುರಳೀಕೃಷ್ಣ, ಸಮಿತಿಯ ಗುಮಾಸ್ತ. ನಡೆದದ್ದಕ್ಕೆಲ್ಲ ನನ್ನ ಬಲಗೈ ತೋರುಬೆರಳೇ ಕಾರಣ ಎಂದು ಕೆಲವರು ಹೇಳುವುದುಂಟು. ಬೆರಳು ನನ್ನದು, ಆದೇಶ ಸಮಿತಿಯದು.

ಭವನ ನಿಂತಿರುವ ಜಾಗ ಬೋರಮ್ಮನವರು ಕೊಟ್ಟದ್ದು. ಮೊದಲು ಅಲ್ಲಿ ಅವರ ರಾಗಿ ಹೊಲ ಇತ್ತು. ಸುತ್ತಲೂ ಸೈಟುಗಳಾದಾಗ, ಉಳಿದ ಮೂಲೆಯನ್ನು ನಾಲ್ಕು ಜನರ ಮನೆಯ ಮದುವೆಗಾಗಲಿ ಎಂದು ಬರೆದುಕೊಟ್ಟರು. ಬದಲಿಗೆ ಕೇಳಿದ್ದು ಒಂದೇ, ಮೊಮ್ಮಗಳು ಸ್ಪಂದನಳ ಮದುವೆ ಅಲ್ಲೇ ಆಗಬೇಕು. ಸಮಿತಿಯು ಇದನ್ನು 'ಭಾವನಾತ್ಮಕ ಅಂಶ' ಎಂದು ದಾಖಲಿಸಿಕೊಂಡು, ಎಲ್ಲರಂತೆ ಸರದಿಯಲ್ಲಿ ನಿಲ್ಲಲು ಸೂಚಿಸಿತು. ಬೋರಮ್ಮ ನಿಂತರು. ಅರ್ಜಿ ಸ್ವೀಕರಿಸುವ ದಿನ ಬೆಳಕು ಹರಿಯುವ ಮುಂಚೆಯೇ ಬಂದು, ಕಾಲು ನೋವು ತಾಳಲಾರದೆ ಸರದಿಯಲ್ಲಿ ಚಪ್ಪಲಿ ಬಿಟ್ಟು ಮೆಟ್ಟಿಲ ಮೇಲೆ ಕೂತರು. ವೈಶಾಖದ ಮೂರನೇ ಭಾನುವಾರಕ್ಕೆ ಮೊದಲ ಟೋಕನ್ ಅವರದೇ.

ಹಿಂದೆ ನಮ್ಮಲ್ಲಿ ರಿಜಿಸ್ಟರ್ ಪುಸ್ತಕ ಇತ್ತು. ಅದರಲ್ಲಿ ಒಂದು ದಿನಕ್ಕೆ ಒಂದೇ ಹೆಸರು ಬರೆಯಲು ಜಾಗವಿದ್ದುದರಿಂದ ಆಡಳಿತಕ್ಕೆ ಬಹಳ ಅನನುಕೂಲವಾಗುತ್ತಿತ್ತು. ಹೀಗಾಗಿ ಕಾರ್ಯದರ್ಶಿ ಜಗನ್ನಾಥ ಅವರು ಹಂಚಿಕೆಯನ್ನು ಗಣಕೀಕರಿಸಿದರು. ಪ್ರೋಗ್ರಾಮ್ ಬರೆಯಲು ತನ್ಮಯಿ ಎಂಬ ಹುಡುಗಿಯನ್ನು ಗುತ್ತಿಗೆಯ ಮೇಲೆ ತೆಗೆದುಕೊಂಡೆವು. ರಾಜರಾಜೇಶ್ವರಿನಗರದಿಂದ ದಿನಾ ಮೆಟ್ರೋದಲ್ಲಿ ಹೊಸಹಳ್ಳಿಗೆ ಬಂದು, ಅಲ್ಲಿಂದ ಆಟೋದವರ ಹತ್ತಿರ ಜಗಳವಾಡಿಕೊಂಡು ಬರುತ್ತಿದ್ದಳು. ಅವಳ ಪ್ರೋಗ್ರಾಮ್ ಬಹಳ ಸರಳ, ಮೊದಲು ಬಂದವರಿಗೆ ಸಭಾಂಗಣ. ಬರೆದು ಮುಗಿದ ಮೇಲೆ ಅದನ್ನು ಬೇರೊಂದು ಕಂಪ್ಯೂಟರಿಗೆ ಹಾಕಬೇಕಂತೆ. ಆ ಕಂಪ್ಯೂಟರಿನ ಕಡತ ಇನ್ನೂ ಮಂಜೂರಾತಿಗೆ ಕಾದಿರುವುದರಿಂದ, ಅವಳು ಯಾವ ತಂತ್ರಾಂಶದೊಳಗೆ ಪ್ರೋಗ್ರಾಮ್ ಬರೆದಳೋ ಅದರೊಳಗಿಂದಲೇ ಓಡಿಸಲು ಸಮಿತಿ ತೀರ್ಮಾನಿಸಿತು. ಅಡುಗೆಮನೆಯಲ್ಲೇ ಬಡಿಸಿದರೆ ಸಾರೇನೂ ಕೆಡುವುದಿಲ್ಲವಲ್ಲ.

ಆ ತಂತ್ರಾಂಶದ ಮೇಲ್ತುದಿಯಲ್ಲಿ ಒಂದು ಹಸಿರು ತ್ರಿಕೋನ ಇರುತ್ತದೆ. ಒತ್ತಿದರೆ ಪ್ರೋಗ್ರಾಮ್ ಓಡುತ್ತದೆ. ತ್ರಿಕೋನದ ಪಕ್ಕದಲ್ಲಿ ಒಂದು ಪಟ್ಟಿ. ಯಾವ ಸೆಟ್ಟಿಂಗ್‌ನಲ್ಲಿ ಓಡಬೇಕು ಎಂಬುದನ್ನು ಅಲ್ಲಿ ಆರಿಸಬೇಕು. ಇದಕ್ಕೆ ರನ್ ಕಾನ್ಫಿಗರೇಶನ್ ಎನ್ನುತ್ತಾರೆ. ನಮ್ಮ ಕಡತಗಳಲ್ಲಿ 'ಚಾಲನಾ ಸಂರಚನೆ'. ತನ್ಮಯಿ ಮಾಡಿದ್ದು ಎರಡೇ. 'ಸಾರ್ವಜನಿಕ' ಎಂಬುದು ನಿಜವಾದ ಅರ್ಜಿಗಳಿಗೆ. 'ಪರೀಕ್ಷೆ' ಎಂಬುದು ಎಲ್ಲ ಸರಿಯಾಗಿ ಓಡುತ್ತಿದೆಯೇ ಎಂದು ನೋಡಲು; ಅದಕ್ಕಾಗಿ ಅವಳೇ ಒಂದು ಜೋಡಿಯನ್ನು ಹುಟ್ಟಿಸಿದ್ದಳು. ವರನ ಹೆಸರು ಪರೀಕ್ಷೆ ಒಂದು, ವಧುವಿನ ಹೆಸರು ಪರೀಕ್ಷೆ ಎರಡು.

ಜಗನ್ನಾಥ ಅವರು ಕನ್ನಡಕ ಏರಿಸಿ ಆ ಪಟ್ಟಿಯನ್ನು ಬಹಳ ಹೊತ್ತು ನೋಡಿದರು.

"ಅಂದ್ರೆ ಪ್ರೋಗ್ರಾಮ್ ಒಂದೇ, ಉತ್ತರ ಮಾತ್ರ ಬೇರೆ ಬೇರೆ ಬರುತ್ತಾ?"

"ಉತ್ತರ ಬೇರೆ ಬರ್ಲಿ ಅಂತ ಅಲ್ಲ ಸಾರ್. ಟೆಸ್ಟಿಂಗ್‌ಗೆ ಒಂದು, ನಿಜವಾದ ಕೆಲಸಕ್ಕೆ ಒಂದು."

"ಇಂಥವು ಎಷ್ಟು ಮಾಡಬಹುದು?"

"ಎಷ್ಟು ಬೇಕಾದ್ರೂ ಮಾಡ್ಬಹುದು. ಆದ್ರೆ ಯಾಕೆ ಸಾರ್?"

"ನೀನಿನ್ನೂ ಚಿಕ್ಕವಳು ಕಣಮ್ಮ," ಎಂದರು ಜಗನ್ನಾಥ. "ನಾನು ಮೂವತ್ತೈದು ವರ್ಷ ಸರ್ವೀಸಲ್ಲಿ ಇದನ್ನ ಕೈಯಲ್ಲೇ ಮಾಡಿದೀನಿ."

ವಾರದೊಳಗೆ 'ಶಿಫಾರಸು' ಎಂಬ ಸಂರಚನೆ ಬಂತು. ಅದರಲ್ಲಿ ಓಡಿಸಿದರೆ ಪತ್ರ ತಂದವರು ಮೇಲಕ್ಕೆ ಬರುತ್ತಿದ್ದರು. ನಂತರ 'ಅಧ್ಯಕ್ಷರು' ಬಂತು. ಲೆಕ್ಕ ತಪಾಸಣೆಯವರಿಗೆಂದು ಒಂದಾಯಿತು. ಅದರಲ್ಲಿ ಅರ್ಜಿ ಹಾಕಿದ ಎಲ್ಲರಿಗೂ, ಕೇಳಿದ ದಿನವೇ ಸಭಾಂಗಣ ಸಿಕ್ಕಿರುತ್ತಿತ್ತು. 'ಮಾಹಿತಿ ಹಕ್ಕು' ಎಂಬುದು ಯಾವ ಪ್ರಶ್ನೆಗೂ 'ಮಾಹಿತಿ ಲಭ್ಯವಿಲ್ಲ' ಎಂದು ಅಚ್ಚುಕಟ್ಟಾದ ಕನ್ನಡದಲ್ಲಿ ಮುದ್ರಿಸುತ್ತಿತ್ತು. ಅಷ್ಟರಲ್ಲಿ ಉಳಿದ ಸದಸ್ಯರೂ ತಮಗೊಂದೊಂದು ಬೇಕೆಂದರು, ಮಾಡಿಸಿಕೊಟ್ಟೆವು. ಒಂದರಲ್ಲಿ ಕೊಟ್ಟ ದಿನ ಇನ್ನೊಂದಕ್ಕೆ ಗೊತ್ತಾಗುತ್ತಿರಲಿಲ್ಲ. ಪಟ್ಟಿಯಲ್ಲಿ ಯಾರ ಹೆಸರು ಮೇಲೆ ಎಂಬ ಬಗ್ಗೆ ಮೂರು ಸಭೆ ನಡೆದು, ಈ ಕೆಳಗಿನ ಪ್ರಕಟಣೆ ಹೊರಬಿತ್ತು:

'ಚಾಲನಾ ಸಂರಚನೆಗಳನ್ನು ಸದಸ್ಯರ ಹಿರಿತನದ ಪ್ರಕಾರ ಜೋಡಿಸತಕ್ಕದ್ದು. ಅಕಾರಾದಿ ಕ್ರಮವು ಅತ್ಯಂತ ಕಿರಿಯ ಸದಸ್ಯರಾದ ಶ್ರೀ ಅಭಿನವ್ ಅವರಿಗೆ ಅನುಚಿತ ಲಾಭ ತಂದುಕೊಡುವುದರಿಂದ ಅದನ್ನು ರದ್ದುಪಡಿಸಲಾಗಿದೆ. ಸಾರ್ವಜನಿಕರು ಸಮಿತಿಯ ಸದಸ್ಯರಲ್ಲದ ಕಾರಣ ಸದರಿ ಸಂರಚನೆಯು ಕೊನೆಯಲ್ಲಿ ಬರತಕ್ಕದ್ದು.'

ನನಗೆ ಹಸಿರು ತ್ರಿಕೋನ ಒತ್ತುವ ಅಧಿಕಾರವನ್ನು ಲಿಖಿತವಾಗಿ ವಹಿಸಲಾಯಿತು. ಪಕ್ಕದ ಪಟ್ಟಿಯನ್ನು ನೋಡುವ ಅಧಿಕಾರ ಕಾರ್ಯದರ್ಶಿ ಹಾಗೂ ಅದಕ್ಕೆ ಮೇಲ್ಪಟ್ಟ ದರ್ಜೆಯವರಿಗೆ ಮಾತ್ರ. ಕೊನೆಗೆ ಯಾರು ಏನನ್ನು ಆರಿಸಿ ಎದ್ದು ಹೋಗಿರುತ್ತಾರೋ ಅದೇ ಅಲ್ಲಿ ನಿಂತಿರುತ್ತದೆ. ಅಪ್ಪಿತಪ್ಪಿಯೂ ಕಣ್ಣು ಹೋಗಬಾರದೆಂದು ಪರದೆಯ ಆ ಭಾಗಕ್ಕೆ ಹಳೇ ಕ್ಯಾಲೆಂಡರಿನ ಒಂದು ತುಂಡು ಅಂಟಿಸಿಕೊಂಡೆ. ನಿಷ್ಠೆ ಎಂದರೆ ಅದು.

ಹಂಚಿಕೆಯ ದಿನ ಬೋರಮ್ಮನವರ ಅರ್ಜಿಗೆ ತ್ರಿಕೋನ ಒತ್ತಿದೆ. ವೈಶಾಖದ ಮೂರನೇ ಭಾನುವಾರ ಅವರಿಗೆ ಬಂತು. ಸೀಲು ಹಾಕಿ ಕೊಟ್ಟೆ. ಅವರು ಕಾಗದವನ್ನು ಕಣ್ಣಿಗೊತ್ತಿಕೊಂಡು ಸೆರಗಿನಲ್ಲಿ ಕಟ್ಟಿಕೊಂಡರು. ಹನ್ನೊಂದು ಗಂಟೆಗೆ ಕಾರ್ಯದರ್ಶಿಗಳು ಬಂದು ಕ್ಯಾಲೆಂಡರ್ ಎತ್ತಿ ಏನೋ ಮಾಡಿ ಹೋದರು. ಒತ್ತಿದೆ. ಅದೇ ಭಾನುವಾರ ಅವರ ಭಾವಮೈದುನನ ಮಗನಿಗೆ ಬಂತು. ಆಮೇಲೆ ಅಧ್ಯಕ್ಷರು ಬಂದರು. ಅದೇ ಭಾನುವಾರ ಅವರ ಪಾಲುದಾರರ ಮಗಳಿಗೆ ಬಂತು. ಮಧ್ಯಾಹ್ನ ಪ್ರಿಂಟರಿನಲ್ಲಿ ಇಂಕು ಮಸುಕಾಗಿದೆಯೆಂದು, ಒಂದು ಪ್ರತಿ ತೆಗೆದು ನೋಡಲು ತನ್ಮಯಿ ಏನನ್ನೋ ಆರಿಸಿಟ್ಟು ಕಾಫಿಗೆ ಹೋದಳು. ನಾನು ಸುಮ್ಮನೆ ಕೂರುವ ಜಾತಿಯವನಲ್ಲ. ಒತ್ತಿದೆ. ಚಿ|| ಪರೀಕ್ಷೆ ಒಂದು ಮತ್ತು ಚಿ|| ಸೌ|| ಪರೀಕ್ಷೆ ಎರಡು ಇವರಿಗೂ ಅದೇ ಭಾನುವಾರ ಮಂಜೂರಾಯಿತು. ಸೀಲು ಹಾಕಿ ಕಡತ ತೆರೆದೆ.

ಸಂಗತಿ ಬಯಲಾದದ್ದು ಮೂರೂ ಕಡೆಯವರು ಒಂದೇ ದಿನ ಹೂವಿನ ಅಲಂಕಾರದ ಅಳತೆಗೆ ಬಂದಾಗ. ತುರ್ತು ಸಭೆ ಕರೆಯಲಾಯಿತು. ಬೋರಮ್ಮ ಸೆರಗಿನ ಗಂಟು ಬಿಚ್ಚಿ ಕಾಗದ ಮುಂದಿಟ್ಟರು.

"ಮೊದ್ಲು ಬಂದೋಳು ನಾನು ಕಣಪ್ಪ. ಇವ್ರೇ ಕೊಟ್ಟವ್ರೆ, ಸೀಲು ಐತೆ."

"ಅಜ್ಜಿ, ನಿಮಗೆ ಸಿಕ್ಕಿಲ್ಲ ಅಂತ ಯಾರು ಹೇಳಿದ್ರು?" ಎಂದರು ಜಗನ್ನಾಥ, ಬಹಳ ಮೃದುವಾಗಿ. "ನಿಮಗೆ ಸಾರ್ವಜನಿಕದಲ್ಲಿ ಸಿಕ್ಕಿದೆ."

"ಹಂಗಾರೆ ಮದ್ವೆ ಎಲ್ಲಿ ಮಾಡ್ಲಿ?"

"ಸಾರ್ವಜನಿಕದಲ್ಲೇ ಮಾಡಿ."

ಬೋರಮ್ಮನಿಗೆ ಅರ್ಥವಾಗಲಿಲ್ಲ. ಕಾಗದವನ್ನು ಒಮ್ಮೆ, ಜಗನ್ನಾಥರ ಮುಖವನ್ನು ಒಮ್ಮೆ ನೋಡುತ್ತ ನಿಂತರು. ತನ್ನದೇ ಹೊಲದ ಮೇಲೆ ನಿಂತು ಬೇಡುತ್ತಿರುವ ಆ ಮುದುಕಿಯನ್ನು ಕಂಡು ನನಗೆ ನಾಚಿಕೆಯಾಯಿತು. ನಡವಳಿ ಪುಸ್ತಕದಲ್ಲಿ ನಾಚಿಕೆಗೆ ಕಾಲಂ ಇಲ್ಲ.

"ಸಾರ್, ಉಳಿದಿದ್ದೆಲ್ಲ ಡಿಲೀಟ್ ಮಾಡ್ಬಿಡ್ತೀನಿ. ಎರಡು ನಿಮಿಷದ ಕೆಲಸ," ಎಂದಳು ತನ್ಮಯಿ.

ಅಳಿಸುವ ಅಧಿಕಾರವನ್ನು ಯಾರಿಗೂ ವಹಿಸಿಲ್ಲವೆಂದು ಅವಳಿಗೆ ತಿಳಿಸಲಾಯಿತು. ನಾಲ್ಕೂ ಕಡತಗಳನ್ನು ಮೇಜಿನ ಮೇಲೆ ಹರಡಿ ಪರಿಶೀಲಿಸಿದೆವು. ಮೂರು ಕಡೆಯವರೂ ಒಬ್ಬರ ಮೇಲೊಬ್ಬರು ಆಕ್ಷೇಪಣೆ ಸಲ್ಲಿಸಿದ್ದರು. ಪರೀಕ್ಷೆ ಒಂದು ಮತ್ತು ಎರಡರ ಮೇಲೆ ಮಾತ್ರ ಒಂದೂ ಆಕ್ಷೇಪಣೆ ಇರಲಿಲ್ಲ. ಅವರು ಯಾವ ಸದಸ್ಯರಿಗೂ ಸಂಬಂಧಿಕರಲ್ಲ. ಯಾರ ಪತ್ರವನ್ನೂ ತಂದಿಲ್ಲ, ಯಾರನ್ನೂ ಬೈದಿಲ್ಲ. ಇಷ್ಟು ಶುದ್ಧವಾದ ಅರ್ಜಿಯನ್ನು ನನ್ನ ಸೇವಾವಧಿಯಲ್ಲಿ ಕಂಡಿರಲಿಲ್ಲ. ಸಭಾಂಗಣವನ್ನು ಅವರಿಗೇ ನೀಡಲು ಸರ್ವಾನುಮತದಿಂದ ತೀರ್ಮಾನವಾಯಿತು. ಭಾವಮೈದುನರು ವಿಜಯನಗರದಲ್ಲೂ ಪಾಲುದಾರರು ಕೆಂಗೇರಿಯಲ್ಲೂ ಬೇರೆ ಛತ್ರ ಹಿಡಿದರು. ಬೋರಮ್ಮ ಮಾತ್ರ ಮೆಟ್ಟಿಲ ಮೇಲೆ, ಮೊದಲು ಕೂತಿದ್ದಲ್ಲೇ, ಹೋಗಿ ಕೂತರು.

ತನ್ಮಯಿ ಅವರ ಪಕ್ಕ ಕೂತಳು. "ಅಜ್ಜಿ, ಆ ಜೋಡಿ ಬರಲ್ಲ. ಅವ್ರು ಇಲ್ಲವೇ ಇಲ್ಲ, ಹೆಸರು ಮಾತ್ರ. ಸ್ಪಂದನ ಆ ಹೆಸರಲ್ಲಿ ಬಂದು ಹಸೆ ಮೇಲೆ ಕೂತ್ಕೊಳ್ಳಲಿ."

"ಹೆಸ್ರು ಬಿಟ್ಟು ಮದ್ವೆ ಆದಾತೇನವ್ವ?"

"ತಾಳಿ ಕಟ್ಟೋದು ಹೆಸರಿಗಲ್ವಲ್ಲ ಅಜ್ಜಿ."

ವಿಷಯ ಸಮಿತಿಯ ಮುಂದೆ ಬಂತು. ವಧುವು ಅರ್ಜಿಯಲ್ಲಿರುವ ವಧುವೇ ಆಗಿರಬೇಕೆಂದು ನಿಯಮಾವಳಿಯಲ್ಲಿ ಎಲ್ಲೂ ಇಲ್ಲ ಎಂಬುದನ್ನು ಜಗನ್ನಾಥ ಅವರೇ ಕಂಡುಹಿಡಿದರು. ಅವರು ಕೆಟ್ಟವರಲ್ಲ. ಆದರೆ ಮಂಜೂರಾತಿಗೆ ಧಕ್ಕೆ ಬಾರದಂತೆ ಬಾಗಿಲ ಫಲಕ ಮತ್ತು ಆಮಂತ್ರಣ ಪತ್ರಿಕೆಯಲ್ಲಿ ಮಂಜೂರಾದ ಹೆಸರೇ ಇರತಕ್ಕದ್ದು ಎಂಬ ಷರತ್ತು ಹಾಕಿದರು.

ವೈಶಾಖದ ಮೂರನೇ ಭಾನುವಾರ ಮದುವೆ ನಡೆಯಿತು. ವರ ಬಸವಕಿರಣ್‌ನ ದೊಡ್ಡಪ್ಪ ಮಾತ್ರ ಫಲಕ ನೋಡಿ "ಇದ್ಯಾರ್ರೀ ಪರೀಕ್ಷೆ?" ಎಂದು ಸ್ವಲ್ಪ ಗಲಾಟೆ ಮಾಡಿದರು, ಹೋಳಿಗೆ ಬಡಿಸಿದ ಮೇಲೆ ಸರಿಹೋದರು. ಪುರೋಹಿತರು ಮಂಜೂರಾದ ಹೆಸರನ್ನು ಗಟ್ಟಿಯಾಗಿಯೂ, ಸ್ಪಂದನ ಎಂಬುದನ್ನು ಮೆಲ್ಲಗೂ ಹೇಳಿದರು. ಮುಯ್ಯಿ ಕವರುಗಳ ಮೇಲೂ ಜನ ಮಂಜೂರಾದ ಹೆಸರನ್ನೇ ಬರೆದಿದ್ದರು. ಧಾರೆಯಾಗುವಾಗ ಬೋರಮ್ಮ ಸಭಾಂಗಣದ ನೆಲ ಮುಟ್ಟಿ ಅತ್ತರು. ನಾನೂ ಸ್ವಲ್ಪ ಅತ್ತೆ, ಸಮಿತಿಯ ಪರವಾಗಿ.

ಈ ವ್ಯವಸ್ಥೆಯ ಅನುಕೂಲ ಎಲ್ಲರಿಗೂ ಬೇಗ ಮನದಟ್ಟಾಯಿತು. ಬೇರೆ ಯಾವ ಸಂರಚನೆಯಲ್ಲಿ ಬಂದರೂ ತಕರಾರು. ಪರೀಕ್ಷೆಯಲ್ಲಿ ಬಂದರೆ ಇಲ್ಲ. ಆ ಹಂಗಾಮಿನ ಉಳಿದ ನಲವತ್ತೊಂದು ಮದುವೆಗಳನ್ನೂ ಅದರಲ್ಲೇ ಮಾಡಿದೆವು. ಕಾರ್ಯದರ್ಶಿಗಳ ಮಗಳು ಅನುವಿನದೂ ಸೇರಿದಂತೆ. ಒಂದೇ ವರ್ಷದಲ್ಲಿ ನಲವತ್ತೆರಡು ಬಾರಿ ಮದುವೆಯಾಗಿಯೂ ಒಂದೇ ಒಂದು ದೂರಿಗೆ ಆಸ್ಪದ ಕೊಡದ ಈ ಆದರ್ಶ ದಂಪತಿಯನ್ನು ಸಮಿತಿಯು ವಾರ್ಷಿಕೋತ್ಸವದಲ್ಲಿ ಸನ್ಮಾನಿಸಿತು. ಅವರು ಗೈರಾದ ಕಾರಣ ಶಾಲನ್ನು ಅಧ್ಯಕ್ಷರೂ ಹಣ್ಣಿನ ಬುಟ್ಟಿಯನ್ನು ಉಳಿದವರೂ ಸ್ವೀಕರಿಸಿದರು. ಕ್ಯಾಲೆಂಡರಿನ ತುಂಡನ್ನು ನಾನು ಕಿತ್ತಿಲ್ಲ, ಈಗ ಅದರ ಹಿಂದೆ ಬದಲಾಗುವುದೇನೂ ಇಲ್ಲ.

ಕಳೆದ ವಾರ ಬೋರಮ್ಮ ಮತ್ತೆ ಬಂದಿದ್ದರು. ಸ್ಪಂದನಳಿಗೆ ಹೆಣ್ಣು ಮಗು. ಹೆಸರಿಡುವ ಶಾಸ್ತ್ರಕ್ಕೆ ಒಂದು ಹೊತ್ತು ಸಭಾಂಗಣ ಬೇಕಂತೆ. ನಾನು ಅರ್ಜಿ ತೆಗೆದು, ಮಗುವಿಗೆ ಇಡಬೇಕೆಂದಿರುವ ಹೆಸರೇನು ಎಂದು ಕೇಳಿದೆ.

"ಪರೀಕ್ಷೆ ಮೂರು ಅಂತ ಬರ್ಕೊಳಪ್ಪ," ಎಂದರು ಬೋರಮ್ಮ. "ಆಮ್ಯಾಕೆ ತೊಂದ್ರೆ ಬ್ಯಾಡ."

ಬರೆದುಕೊಂಡು ತ್ರಿಕೋನ ಒತ್ತಿದೆ. ಕೇಳಿದ ದಿನವೇ ಬಂತು.