ಅಕ್ಕನ ಮೂರು ದಿನ, ಅಕ್ಕನ ಮಗಳ ಪಾಠ

ನಮ್ಮ ಅಕ್ಕನ ಮಗಳ ಕೈಗೆ ದಯವಿಟ್ಟು ಯಾರೂ ಏನನ್ನೂ ಓದಲು ಕೊಡಬೇಡಿ. ಕಡಲೆಕಾಯಿ ಕಟ್ಟಿಕೊಟ್ಟ ಕಾಗದವನ್ನೂ ಕೊಡಬೇಡಿ! ಬೇರೆ ಮಕ್ಕಳು ಓದುತ್ತಾರೆ, ಪರೀಕ್ಷೆ ಬರೆಯುತ್ತಾರೆ, ಪಾಸಾಗುತ್ತಾರೆ, ಮರೆಯುತ್ತಾರೆ. ಎಷ್ಟು ಒಳ್ಳೆಯ ಪದ್ಧತಿ! ನಾನೂ ಹಾಗೆಯೇ ಡಿಗ್ರಿ ಮುಗಿಸಿದವನು. ಇವಳು ಮಾತ್ರ ಓದಿದ್ದನ್ನೆಲ್ಲ ಹೊತ್ತು ತಂದು ಮನೆಯವರ ಮೇಲೆ ಪ್ರಯೋಗ ಮಾಡುತ್ತಾಳೆ. ಆ ಪ್ರಯೋಗಕ್ಕೆ ಮೊದಲು ಸಿಗುವ ಇಲಿ ನಾನು, ಅಂದರೆ ಅವಳ ಸೋದರಮಾವ.

ಅವಳ ಊರು ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ದಾರಿಯಲ್ಲಿ, ಬಸ್ಸಿಳಿದು ಒಂದು ಮೈಲಿ ನಡೆಯಬೇಕಾದ ಹಳ್ಳಿ. ಕಾಲೇಜು ಚಿಕ್ಕಬಳ್ಳಾಪುರದಲ್ಲಿ. ಹಾಗಾಗಿ ವಾರವೆಲ್ಲ ಶಿಡ್ಲಘಟ್ಟದ ನಮ್ಮ ಮನೆಯಲ್ಲಿದ್ದುಕೊಂಡು, ಶನಿವಾರ ಊರಿಗೆ ಹೋಗುತ್ತಾಳೆ. ಬಿಎ ಎರಡನೇ ವರ್ಷ, ಮನಶ್ಶಾಸ್ತ್ರ. ಹೊಸದಾಗಿ ಬಂದ ಮೇಡಂ ಒಬ್ಬರು ವಾರಕ್ಕೆ ನಾಲ್ಕು ಹಾಳೆ ಜೆರಾಕ್ಸ್ ಕೊಟ್ಟು, ‘ಸಾರಾಂಶ ಬೇಡ, ಓದಿ ನಿಮಗೇನನ್ನಿಸ್ತೋ ಅದನ್ನ ಬರೀರಿ’ ಅನ್ನುತ್ತಾರಂತೆ. ನಿಮಗೇನನ್ನಿಸ್ತು! ನಮ್ಮ ಕಾಲದಲ್ಲಿ ಯಾವ ಮೇಷ್ಟ್ರು ಇದನ್ನು ಕೇಳಿದ್ದರು ಹೇಳಿ? ಕೇಳಿದ್ದರೆ ಹಸಿವಾಗುತ್ತಿದೆ ಅಂತ ಬರೆದು ಮುಗಿಸುತ್ತಿದ್ದೆವು.

ಇವಳೋ ಮೊದಲೇ ಅರ್ಧ ಕನಸಿನ ಪ್ರಾಣಿ. ತಟ್ಟೆಯಿಂದ ಎತ್ತಿದ ಮುದ್ದೆಯ ತುತ್ತು ಬಾಯಿಗೆ ತಲುಪುವ ಮೊದಲು ಎಲ್ಲೋ ಗಾಳಿಯಲ್ಲಿ ನಿಂತುಬಿಡುತ್ತದೆ. ನನ್ನ ಹೆಂಡತಿ ‘ಸಾರು ಸೋರ್ತಿದೆ ಕಣಮ್ಮ’ ಎಂದು ಕೂಗಿದಾಗ ಮಾತ್ರ ಕೈ ಮುಂದಕ್ಕೆ ಚಲಿಸುತ್ತದೆ. ಒಂದು ಸಂಜೆ ಚಿಕ್ಕಬಳ್ಳಾಪುರದಲ್ಲಿ ಬಸ್ ಹತ್ತಿದವಳು ಶಿಡ್ಲಘಟ್ಟದಲ್ಲಿ ಇಳಿಯಲಿಲ್ಲ. ಅವಳ ಸ್ವಂತ ಊರಿನ ಗೇಟಿನಲ್ಲೂ ಇಳಿಯಲಿಲ್ಲ. ಸೀದಾ ಚಿಂತಾಮಣಿ ಸೇರಿ ಅಲ್ಲಿಂದ ಫೋನ್ ಮಾಡಿದಳು.

“ನಿದ್ದೆ ಬಂತೇನಮ್ಮ?” ಎಂದೆ.

“ಇಲ್ಲ ಮಾವ, ಎಚ್ಚರವಾಗೇ ಇದ್ದೆ. ಬೆಟ್ಟಗಳೆಲ್ಲ ಬಸ್ ಜೊತೆಗೇ ಬರ್ತಿದ್ವು. ಮಧ್ಯದಲ್ಲಿ ಇಳಿಯೋಕೆ ಮನಸ್ಸಾಗ್ಲಿಲ್ಲ.”

ಇಂಥವಳಿಗೆ ಏನು ಬೈಯುತ್ತೀರಿ? ನಾನು ‘ಬೆಟ್ಟಗಳಿಗೆ ಹೇಳಿ ಬೇಗ ಮನೆಗೆ ಬಾ’ ಎಂದು ಫೋನ್ ಇಟ್ಟೆ.

ಮೊದಲು ಬಂದ ಹಾಳೆಗಳು ಮನವೊಲಿಸುವ ಕಲೆಯ ಬಗ್ಗೆ. ನನಗೆ ಅದು ಗೊತ್ತಿರಲಿಲ್ಲ. ಆ ದಿನ ಊಟಕ್ಕೆ ಕೂತಾಗ ಅವಳು ಬಹಳ ಗಂಭೀರವಾಗಿ, “ಮಾವ, ನನಗೊಂದು ಸ್ಕೂಟರ್ ಕೊಡಿಸ್ತೀಯಾ?” ಎಂದಳು. ನನಗೆ ತುತ್ತು ನೆತ್ತಿಗೇರಿತು. ಆಗುವುದಿಲ್ಲ ಎಂದೆ. ಮುಖ ಸಣ್ಣ ಮಾಡಿಕೊಂಡು, “ಹೋಗ್ಲಿ ಬಿಡು. ಇವತ್ತೊಂದಿನ ತಟ್ಟೆಗಳನ್ನಾದ್ರೂ ತೊಳೀತೀಯಾ?” ಎಂದಳು. ಅಯ್ಯೋ, ಮಗು ಕೇಳುವುದೇ ಅಪರೂಪ, ಇಷ್ಟೂ ಮಾಡದಿದ್ದರೆ ಹೇಗೆ ಎಂದು ಎದ್ದೆ. ಮೂರನೆಯ ತಟ್ಟೆ ಉಜ್ಜುತ್ತಿರುವಾಗ ತಿರುಗಿ ನೋಡಿದರೆ, ಅಡುಗೆ ಮನೆಯ ಬಾಗಿಲಿಗೆ ಒರಗಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದಾಳೆ! ಮೊದಲು ದೊಡ್ಡದು ಕೇಳಿ ಇಲ್ಲ ಅನ್ನಿಸಿಕೊಂಡು, ಆಮೇಲೆ ಸಣ್ಣದು ಕೇಳಿದರೆ ಮನುಷ್ಯ ಒಪ್ಪುತ್ತಾನಂತೆ. ಅವಳು ಆ ಪ್ರಯೋಗವನ್ನು ಒಂದೇ ದಿನಕ್ಕೆ ಮುಗಿಸಿದಳು. ಪಕ್ಕದಲ್ಲಿ ಕೂತು ಕೇಳಿಸಿಕೊಂಡ ನನ್ನ ಹೆಂಡತಿ ಇವತ್ತಿನವರೆಗೂ ಮುಂದುವರಿಸಿದ್ದಾಳೆ. ಅವಳು ಗೌರಿಬಿದನೂರಿನ ಕಡೆಯವಳು, ಹುಟ್ಟಿನಿಂದಲೇ ಚುರುಕು, ಜೆರಾಕ್ಸ್ ಓದುವ ಅಗತ್ಯವೇ ಬೀಳಲಿಲ್ಲ.

ಮುಂದಿನ ವಾರ ಪೂರ್ವಗ್ರಹ. ಆ ವಾರವೆಲ್ಲ ಅವಳ ಬಾಯಲ್ಲಿ ಒಂದೇ ಪ್ರಶ್ನೆ, “ನಿನಗೆ ಹೇಗೆ ಗೊತ್ತು?” ನಮ್ಮ ಮಹಡಿ ಮೇಲಿನ ಮನೆಗೆ ಹೊಸಬರೊಬ್ಬರು ಬಂದಿದ್ದರು. ಕಣ್ಣು ಯಾವಾಗಲೂ ಕೆಂಡದ ಹಾಗೆ. ‘ಕುಡುಕ ಕಣಮ್ಮ, ದೂರ ಇರು’ ಎಂದು ಹಿರಿಯನಾಗಿ ಎಚ್ಚರಿಕೆ ಹೇಳಿದೆ.

“ನಿನಗೆ ಹೇಗೆ ಗೊತ್ತು?”

“ಕಣ್ಣು ನೋಡಿದ್ರೆ ಗೊತ್ತಾಗಲ್ವೇನೇ?”

ಅವಳು ಒಂದು ನಿಮಿಷ ಸೂರು ನೋಡಿದಳು. ಎದ್ದು ಸೀದಾ ಮಹಡಿ ಹತ್ತಿದಳು. ಹತ್ತಿ, ‘ಅಣ್ಣ, ನೀವು ಕುಡೀತೀರಾ? ನಮ್ಮ ಮಾವ ಕೇಳ್ತಿದ್ರು’ ಎಂದೇ ಕೇಳಿದಳು! ಪಾಪ, ಆತನದು ರೇಷ್ಮೆ ನೂಲು ಬಿಚ್ಚುವ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಗೂಡು ಬೇಯುವ ಬಿಸಿನೀರಿನ ಹಬೆಗೆ ಮುಖ ಕೊಟ್ಟು ಕಣ್ಣು ಹಾಗಾಗಿದೆ. ಊರಿಗೆ ಊರೇ ರೇಷ್ಮೆಯಿಂದ ಬದುಕುವ ಶಿಡ್ಲಘಟ್ಟದಲ್ಲಿ ಹುಟ್ಟಿ ಬೆಳೆದ ನನಗೆ ಇದು ಹೊಳೆಯಬೇಡವೇ? ಈಗ ದಿನಾ ಬೆಳಿಗ್ಗೆ ಆತ ಮೆಟ್ಟಿಲಿಳಿಯುತ್ತಾ, “ನಮಸ್ಕಾರ ಸಾರ್, ಇವತ್ತು ಇನ್ನೂ ಕುಡ್ದಿಲ್ಲ ಸಾರ್” ಎಂದು ಕೈಮುಗಿದು ಹೋಗುತ್ತಾನೆ. ನಾನು ಆ ಹೊತ್ತಿಗೆ ಸರಿಯಾಗಿ ಬಚ್ಚಲು ಸೇರುವುದನ್ನು ರೂಢಿ ಮಾಡಿಕೊಂಡಿದ್ದೇನೆ.

ಇವೆಲ್ಲ ಪೀಠಿಕೆ. ಅವಳ ಕಣ್ಣಿದ್ದದ್ದು ಊರಿನ ಮೇಲೆ, ಅವಳ ಅಮ್ಮನ ಮೇಲೆ. ಅಕ್ಕನ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಾರೆ. ಮನೆ ಪಕ್ಕದಲ್ಲೇ ಹುಳು ಮನೆ. ಹಿಪ್ಪುನೇರಳೆ ಸೊಪ್ಪು ಕೊಯ್ಯುವುದು, ಹಾಕುವುದು, ಕಸ ತೆಗೆಯುವುದು, ಹುಳು ಪೊರೆ ಬಿಡುವ ಮೊದಲು ನಿದ್ದೆಗೆ ಹೋದರೆ ಸದ್ದು ಮಾಡದೆ ಕಾಯುವುದು, ಎಲ್ಲ ಅಕ್ಕನೇ. ಆದರೆ ತಿಂಗಳಿಗೆ ಮೂರು ದಿನ, ‘ಹೊರಗಾದಾಗ’, ಅವಳು ಹುಳು ಮನೆಯ ಹೊಸಿಲು ತುಳಿಯುವಂತಿಲ್ಲ. ಮೈಲಿಗೆ ತಗುಲಿದರೆ ಹುಳು ಕೆಡುತ್ತದೆ ಅನ್ನುವುದು ಆ ಮನೆಯ ನಂಬಿಕೆ. ಒಲೆ, ನೀರಿನ ಕೊಡ ಏನನ್ನೂ ಮುಟ್ಟುವಂತಿಲ್ಲ. ಎದುರಿನ ಹೊಂಗೆ ಮರದ ಕೆಳಗೆ ಚಪ್ಪಡಿ ಕಲ್ಲಿನ ಮೇಲೆ ಕೂತಿರಬೇಕು. ಆ ಮೂರು ದಿನ ಕೂಲಿ ಹೆಂಗಸರು ಬಂದು ಸೊಪ್ಪು ಹಾಕುತ್ತಾರೆ, ನಮ್ಮ ಭಾವ ಅನ್ನ ಬೇಯಿಸುತ್ತಾರೆ. ಮಿಕ್ಕ ದಿನ ಭಾವನವರಿಗೆ ಒಲೆ ಮನೆಯ ಯಾವ ದಿಕ್ಕಿಗಿದೆ ಎಂದೂ ಗೊತ್ತಿರುವುದಿಲ್ಲ!

ಈ ಕಟ್ಟಳೆ ಮುರಿದು ಅಮ್ಮನನ್ನು ಆ ಮೂರು ದಿನವೂ ಒಳಗೆ ಕರೆದುಕೊಂಡು ಹೋಗಬೇಕು ಎನ್ನುವುದು ಹುಡುಗಿಯ ಹಟ. ಗಂಡು ಹೆಣ್ಣಿನ ಪಾತ್ರಗಳ ಬಗೆಗಿನ ಹಾಳೆಗಳು ಕೈಗೆ ಬಂದ ದಿನ ಅವಳ ಕಣ್ಣಿನಲ್ಲಿ ನಿದ್ದೆಯೂ ಇರಲಿಲ್ಲ, ಬೆಟ್ಟಗಳೂ ಇರಲಿಲ್ಲ.

“ಮಾವ, ಅಮ್ಮ ಅಲ್ಲಿ ಕೂತು ಹುಳ ಸೊಪ್ಪು ತಿನ್ನೋ ಸದ್ದು ಕೇಳಿಸ್ಕೋತಿರ್ತಾಳೆ. ತಾನೇ ಸಾಕಿದ್ದು, ಬಾಗಿಲಾಚೆ. ಎಷ್ಟು ಸಂಕಟ ಆಗ್ಬೇಕು ಅವಳಿಗೆ!”

ಆ ಶನಿವಾರ ನನ್ನನ್ನೂ ಸಾಕ್ಷಿಗೆಂದು ಎಳೆದುಕೊಂಡು ಹೊರಟಳು. ಬಸ್ಸಿನಲ್ಲಿ ನನಗೆ ನೋಟ್‌ಬುಕ್ ತೋರಿಸಿದಳು. ಹಿಂದಿನ ವಾರ ಎರಡು ಮನೆಗಳಲ್ಲಿ ಯಾರು ಯಾರು ಏನೇನು ಮಾಡಿದರು ಎಂಬ ಪಟ್ಟಿ. ಅಕ್ಕನದು ಎರಡು ಪುಟ. ಭಾವನವರದು: ‘ತೋಟಕ್ಕೆ ನೀರು ಬಿಟ್ಟರು. ಕರೆಂಟು ಬಂತಾ ಅಂತ ನಾಲ್ಕು ಸಲ ಕೇಳಿದರು.’ ನನ್ನದು: ‘ಮಾವ ಪೇಪರ್ ಓದಿದ. ಆಮೇಲೆ ಪೇಪರ್ ಎಲ್ಲಿ ಅಂತ ಕೇಳಿದ.’ ನಾನು ಕಿಟಕಿಯಾಚೆ ನೋಡತೊಡಗಿದೆ. ಬೆಟ್ಟಗಳು ನಿಜವಾಗಿಯೂ ಜೊತೆಗೇ ಬರುತ್ತಿದ್ದವು.

ನಾವು ಹೋದಾಗ ಅಕ್ಕ ಮರದ ಕೆಳಗಿದ್ದಳು. ಅವಳ ಎರಡನೆಯ ದಿನ. ಹುಳುಗಳು ನಾಲ್ಕನೆಯ ನಿದ್ದೆ ಮುಗಿಸಿ ಎದ್ದು, ಸೊಪ್ಪು ಕಂಡರೆ ಬಿಡದ ಹಸಿವಿನಲ್ಲಿದ್ದವು. ಒಳಗಿನಿಂದ ಸಣ್ಣ ಮಳೆಯ ಹಾಗೆ ಸದ್ದು. ಹುಡುಗಿ ಚೀಲ ಇಳಿಸಿದವಳೇ ಜಗಲಿಯ ಮೇಲೆ ಅಪ್ಪನ ಪಕ್ಕ ಕೂತಳು. ನಾನು ಕಂಬಕ್ಕೆ ಒರಗಿ ತಮಾಷೆ ನೋಡಲು ಸಿದ್ಧನಾದೆ.

“ಅಪ್ಪ, ಈ ಹುಳ ಸಾಕೋದೇ ಬಿಟ್ಬಿಡೋಣ. ಸೊಪ್ಪಿನ ತೋಟ ಕಿತ್ತು ಗುಲಾಬಿ ಹಾಕೋಣ.”

ಭಾವ ಬೆಚ್ಚಿಬಿದ್ದರು, ಬಾಯಿಗೆ ಮೊದಲು ತೆಲುಗೇ ಬಂತು. “ಏಮಮ್ಮಾ! ತಲೆ ಕೆಟ್ಟಿದೆಯಾ? ನಮ್ಮ ತಾತನ ಕಾಲದಿಂದ ಬಂದಿದ್ದು ಕಣಮ್ಮ!”

“ಹೋಗ್ಲಿ, ಹುಳ ಇರ್ಲಿ. ಅಮ್ಮ ಈ ಮೂರು ದಿನಾನೂ ಒಳಗೆ ಬರ್ಲಿ. ಅಷ್ಟಾದ್ರೂ ಮಾಡು.”

“ಹುಳ ಕೆಡುತ್ತಮ್ಮ.”

“ನಿನಗೆ ಹೇಗೆ ಗೊತ್ತು?”

ಭಾವ ಹಿಪ್ಪುನೇರಳೆ ತೋಟವನ್ನೊಮ್ಮೆ, ಮಗಳನ್ನೊಮ್ಮೆ ನೋಡಿದರು. ಗುಲಾಬಿಯ ಭಯ ಇನ್ನೂ ಮುಖದ ಮೇಲಿತ್ತು. ಕಡೆಗೆ, “ಏನಾದ್ರೂ ಮಾಡ್ಕೊಳ್ರಮ್ಮ. ತೋಟದ ತಂಟೆಗೆ ಬರ್ಬೇಡ” ಎಂದು ಟವೆಲ್ ಕೊಡವಿಕೊಂಡು ಎದ್ದರು. ಇಷ್ಟೇ! ಇಪ್ಪತ್ತು ಚಿಲ್ಲರೆ ವರ್ಷದ ಕಟ್ಟಳೆ, ಕಾಫಿ ಆರುವುದರೊಳಗೆ ಬಿದ್ದುಹೋಯಿತು. ನಾನು ಮನಸ್ಸಿನಲ್ಲೇ ಆ ಮೇಡಂಗೆ ನಮಸ್ಕಾರ ಹಾಕಿದೆ.

ಹುಡುಗಿ ಓಡಿದಳು. ನಾನೂ ಹಿಂದೆ ಹೋದೆ. ರೂಢಿಯಂತೆ ಮರದಿಂದ ನಾಲ್ಕು ಮಾರು ದೂರದಲ್ಲಿ ನಿಂತೆ.

“ಅಮ್ಮ, ಏಳು! ಅಪ್ಪ ಒಪ್ಪಿದ್ರು. ಇನ್ಮೇಲೆ ನೀನು ಇಲ್ಲಿ ಕೂತ್ಕೋಬೇಕಾಗಿಲ್ಲ. ಯಾವಾಗ ಬೇಕಾದ್ರೂ ಒಳಗೆ ಹೋಗ್ಬಹುದು!”

ಅಕ್ಕ ಏಳಲಿಲ್ಲ. ಮಗಳ ಮುಖವನ್ನೇ ನೋಡುತ್ತಾ ಕೂತಳು. ಆಟಕ್ಕೆ ಬಿಟ್ಟ ಮಗುವನ್ನು ಬೆಲ್ ಹೊಡೆದು ಒಳಗೆ ಕರೆದರೆ ಹೇಗಿರುತ್ತದೋ, ಅವಳ ಮುಖ ಹಾಗಾಯಿತು.

“ಈಗ್ಲೇನಾ?” ಎಂದಳು ಮೆಲ್ಲಗೆ.

“ಯಾಕಮ್ಮ? ಹುಳ ಕೆಡುತ್ತೆ ಅಂತ ನೀನೂ ನಂಬ್ತೀಯಾ?”

“ಅದೆಲ್ಲ ನನಗ್ಯಾಕೆ ಹೇಳ್ತೀಯೇ? ನೀನು ಅಂಬೆಗಾಲಿಡೋವಾಗ ನಿಮ್ಮಪ್ಪ ಜ್ವರ ಬಂದು ಮಲಗಿದ್ರು. ಕೂಲಿಗೂ ಯಾರೂ ಸಿಗ್ಲಿಲ್ಲ. ಆ ಮೂರು ದಿನ ನಾನೇ ಒಳಗೆ ಹೋಗಿ ಸೊಪ್ಪು ಹಾಕ್ದೆ. ಗೂಡು ಬೆಳ್ಳಗೆ ಬಂತು. ಯಾರಿಗೂ ಹೇಳ್ಲಿಲ್ಲ.”

“ಮತ್ತೆ ಯಾಕಮ್ಮ ಇಷ್ಟು ವರ್ಷ ಇಲ್ಲಿ ಕೂತೆ?”

ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು.

“ಈ ಮೂರು ದಿನ ನನ್ನ ಯಾರೂ ಕರೆಯಲ್ಲ ಕಣೇ. ನೀರು ಕೊಡು ಅನ್ನಲ್ಲ, ಸೊಪ್ಪು ಹಾಕು ಅನ್ನಲ್ಲ. ಇಲ್ಲಿ ಕೂತ್ರೆ ಅಲ್ಲಿ ಕೈವಾರದ ಬೆಟ್ಟ ಕಾಣುತ್ತೆ. ಬೆಳಿಗ್ಗೆ ಒಂದು ಬಣ್ಣ, ಸಂಜೆಗೊಂದು ಬಣ್ಣ. ಹುಳದ ಸದ್ದು ಕೇಳ್ತಾ ಕೇಳ್ತಾ ಎಲ್ಲೆಲ್ಲೋ ಹೋಗ್ಬಿಟ್ಟು ಬರ್ತೀನಿ. ನೋಡಿದವರಿಗೆ ಪಾಪ ಅನ್ಸುತ್ತೆ. ಅನ್ಸಿದ್ರೆ ಅನ್ಸಲಿ.” ತಲೆಯೆತ್ತಿ ಮಗಳನ್ನು ನೋಡಿದಳು. “ನನಗಿರೋದು ಇದೊಂದೇ ರಜಾ. ಇದನ್ನೂ ಕಿತ್ಕೋತೀಯೇನೇ?”

ಹುಡುಗಿ ತಿರುಗಿ ಬೆಟ್ಟದ ಕಡೆ ನೋಡಿದಳು. ನನಗೆ ಆಗ ಒಂದು ವಿಷಯ ಹೊಳೆಯಿತು. ಈ ಹುಡುಗಿಯ ಮಂಪರು ಎಲ್ಲಿಂದ ಬಂತು ಎಂದು ನಾವು ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿದ್ದೆವು. ಭಾವನವರ ಕಡೆಯವರು ನಮ್ಮ ಕಡೆಗೆ, ನಾವು ಅವರ ಕಡೆಗೆ ಬೆರಳು ತೋರಿಸುತ್ತಿದ್ದೆವು. ಅದು ಇಲ್ಲಿ, ಈ ಕಲ್ಲಿನ ಮೇಲೆ ಕೂತಿತ್ತು! ಮಗಳಿಗೆ ಕಾಲೇಜಿತ್ತು, ಬಸ್ಸಿತ್ತು, ನೋಟ್‌ಬುಕ್ಕಿತ್ತು. ಕನಸು ಕಾಣಲು ಬೇಕಾದಷ್ಟು ಜಾಗವಿತ್ತು. ಅಕ್ಕನಿಗೆ ಕನಸು ಕಾಣಬೇಕಾದರೆ ಮೈಲಿಗೆಯಾಗಬೇಕಿತ್ತು.

ಹುಡುಗಿ ಆ ವಾರ ಮೇಡಂಗೆ ಬರೆದುಕೊಟ್ಟದ್ದು ಅರ್ಧ ಪುಟ. ‘ಅಪ್ಪನಿಗೆ ಪೂರ್ವಗ್ರಹ ಇದೆ ಎಂದುಕೊಂಡು ಹೋದೆ. ನನಗೂ ಇತ್ತು. ಅಮ್ಮನಿಗೆ ಏನು ಬೇಕು ಎಂದು ಅಮ್ಮನನ್ನು ಕೇಳಿರಲಿಲ್ಲ’ ಎಂದು. ಅವಳು ಅದನ್ನು ನನಗೆ ತೋರಿಸಿದಾಗ ತಮಾಷೆ ಮಾಡಲು ನೋಡಿದೆ, ಆಗಲಿಲ್ಲ. ಅವಳು ಹುಟ್ಟುವ ಮೊದಲಿನಿಂದ ನಾನು ಅಕ್ಕನಿಗೆ ತಮ್ಮ. ನಾನು ಯಾವತ್ತು ಕೇಳಿದ್ದೆ?

ಆಮೇಲೆ ಕಾಲೇಜಿಗೆ ನಾಲ್ಕು ದಿನ ರಜೆ ಬಂದಾಗ ಅವಳು ಅಪ್ಪನ ಹತ್ತಿರ ಇನ್ನೊಂದು ಸಲ ಮಾತಾಡಿದಳು. ಈ ಸಲ ಗುಲಾಬಿ ತೋಟದ ಸುದ್ದಿಯಿಲ್ಲ, ಯಾವ ಹಾಳೆಯ ಉಪಾಯವೂ ಇಲ್ಲ. ದಿನಕ್ಕಿಷ್ಟು ಹೊತ್ತು ಅಮ್ಮನನ್ನು ಯಾರೂ ಕರೆಯಬಾರದು ಎಂದು ನೇರವಾಗಿ ಕೇಳಿದಳು. ಉಪಾಯವಿಲ್ಲದ್ದರಿಂದ ಒಪ್ಪಿಸುವುದಕ್ಕೆ ಬಹಳ ಕಷ್ಟವಾಯಿತಂತೆ! ಎರಡು ದಿನ ಅಪ್ಪ ಮಗಳು ಮಾತು ಬಿಟ್ಟಿದ್ದರಂತೆ. ಮೂರನೆಯ ದಿನ ಭಾವ ಏನೂ ಹೇಳದೆ ಹೋಗಿ ಸಂಜೆಯ ಸೊಪ್ಪು ಹಾಕಿ ಬಂದರಂತೆ.

ತಿಂಗಳ ಮೇಲೆ ಒಂದು ಭಾನುವಾರ ಊರಿಗೆ ಹೋಗಿದ್ದೆ. ಸಂಜೆ ಬಿಸಿಲು ತೋಟದ ಮೇಲೆ ಹಳದಿಯಾಗಿ ಮಲಗಿತ್ತು. ಅಕ್ಕ ಹೊಂಗೆ ಮರದ ಕೆಳಗೆ ಕೂತು ಬೆಟ್ಟ ನೋಡುತ್ತಿದ್ದಳು. ನಾನು ನಾಲ್ಕು ಮಾರು ದೂರದಲ್ಲೇ ನಿಂತು, ಚಿಕ್ಕಂದಿನಿಂದ ಕೇಳುತ್ತಿದ್ದ ಹಾಗೆ, “ಹೊರಗಾ ಅಕ್ಕ?” ಎಂದು ಕೇಳಿದೆ.

ಅವಳು ತಿರುಗಿ ನೋಡಿ ನಕ್ಕಳು. ಹಾಗೆ ನಕ್ಕಿದ್ದನ್ನು ನಾನು ಅವಳ ಮದುವೆಯಾದ ಮೇಲೆ ನೋಡಿರಲಿಲ್ಲ.

“ಇಲ್ಲ ಕಣೋ,” ಎಂದು ಕಲ್ಲಿನ ಮೇಲೆ ಸ್ವಲ್ಪ ಸರಿದು ಜಾಗ ಮಾಡಿದಳು. “ಸುಮ್ನೆ ಕೂತಿದ್ದೀನಿ.”